ಟ್ಯಾಪೆಟ್ ಸೆಟ್ ಮಾಡಿದರೂ ಮರಳಿ ಬರುತ್ತಿದ್ದ ಟಿಕ್ ಟಿಕ್: ಒಂದು ಬೈಕ್ ಇಂಜಿನ್‌ನ ಪ್ರಕರಣ ಅಧ್ಯಯನ

ಗಾಡಿ 150 ಸಿಸಿಯದು. ಗಾಳಿಗೆ ತಣಿಯುವ ಒಂಟಿ ಸಿಲಿಂಡರ್, ಹೆಡ್‌ನಲ್ಲೇ ಕ್ಯಾಮ್‌ಶಾಫ್ಟ್ (ವಾಲ್ವ್ ತೆರೆಸುವ ಉಬ್ಬುಗಳಿರುವ ದಂಡ), ಎರಡು ವಾಲ್ವ್, ಕಾರ್ಬ್ಯುರೇಟರ್, ಕಿಕ್ಕರ್. ಓಡಿದ್ದು 46 ಸಾವಿರ ಕಿಲೋಮೀಟರ್. ಇಂಜಿನ್‌ನ ಮೇಲ್ಭಾಗದಿಂದ ಟಿಕ್ ಟಿಕ್ ಸದ್ದು. ಟ್ಯಾಪೆಟ್ ಸೆಟ್ ಮಾಡಿಸಿದರೆ ಸ್ವಲ್ಪ ದಿನ ಸುಮ್ಮನಿರುತ್ತದೆ, ಆಮೇಲೆ ಮತ್ತೆ ಶುರು. ಹೀಗೆ ಮೂರು ಸಲ ಆಗಿತ್ತು. ಮೂರನೇ ಸಲ ಸೆಟ್ ಮಾಡಿದವರು "ಪಿಸ್ಟನ್ ಹೋಗಿದೆ, ಇನ್ನು ಬೋರ್ ಕೆಲಸವೇ ಗತಿ" ಅಂದಿದ್ದರು, ಅಂದರೆ ಸಿಲಿಂಡರ್‌ನ ಒಳಗೋಡೆ ಕೊರೆಸಿ ದೊಡ್ಡ ಪಿಸ್ಟನ್ ಹಾಕಿಸುವುದು. ಮಾಲೀಕರು ನನ್ನ ಹತ್ತಿರ ಗಾಡಿ ತಂದಾಗ ಕೇಳಿದ್ದೂ ಅದನ್ನೇ: "ನಿಜವಾಗ್ಲೂ ಬೋರ್ ಮಾಡಿಸಲೇಬೇಕಾ?"

ಟ್ಯಾಪೆಟ್ ಅಂತರ, ಅಂದರೆ ವಾಲ್ವ್ ಮತ್ತು ಅದನ್ನು ತಳ್ಳುವ ರಾಕರ್ ತೋಳಿನ ನಡುವಿನ ಸಣ್ಣ ಸಂದಿ, ಹೆಚ್ಚಾದರೆ ಸದ್ದು ಬರುವುದು ಸಹಜ, ಅಂತರ ಸರಿಪಡಿಸಿದರೆ ಸದ್ದು ನಿಲ್ಲುವುದೂ ಸಹಜ. ಆದರೆ ಆರೇಳುನೂರು ಕಿಲೋಮೀಟರ್ ಓಡುವಷ್ಟರಲ್ಲಿ ಅದೇ ಅಂತರ ಮತ್ತೆ ಬಾಯಿಬಿಟ್ಟರೆ ಅದು ಸೆಟ್ಟಿಂಗ್ ತಪ್ಪಿದ್ದಲ್ಲ. ಒಳಗೆಲ್ಲೋ ಲೋಹ ಸವೆದುಹೋಗುತ್ತಿದೆ. ಎಲ್ಲಿ ಸವೆಯುತ್ತಿದೆ, ಯಾಕೆ ಸವೆಯುತ್ತಿದೆ ಎಂದು ತಿಳಿಯುವವರೆಗೆ ಈ ಗಾಡಿಗೆ ನಾಲ್ಕನೇ ಸಲ ಟ್ಯಾಪೆಟ್ ಸೆಟ್ ಮಾಡಬಾರದು ಎಂದು ಮೊದಲೇ ತೀರ್ಮಾನಿಸಿದೆ.

ಸ್ಪ್ಯಾನರ್ ಮುಟ್ಟುವ ಮೊದಲು ಮಾಲೀಕರನ್ನು ಕೂರಿಸಿ ವಿಚಾರಿಸಿದೆ. ಸದ್ದು ಯಾವಾಗಿನಿಂದ? ಅದಕ್ಕೆ ಮುಂಚೆ ಇಂಜಿನ್‌ನ ಯಾವ ಭಾಗ ಬಿಚ್ಚಿತ್ತು? ಆಯಿಲ್ ಯಾವುದು, ಯಾವಾಗ ಬದಲಿಸಿದ್ದು, ಮಟ್ಟ ಎಂದಾದರೂ ಕೆಳಗೆ ಹೋಗಿತ್ತೇ? ಆಯಿಲ್ ವಿಷಯದಲ್ಲಿ ಅವರು ಅಚ್ಚುಕಟ್ಟು. ಪುಸ್ತಕದಲ್ಲಿ ಹೇಳಿದ್ದೇ ಆಯಿಲ್, ಹೊತ್ತಿಗೆ ಸರಿಯಾಗಿ ಬದಲಾವಣೆ, ಮಟ್ಟವೂ ಸರಿ. ಆದರೆ ಎರಡು ಮಾತು ಮುಖ್ಯವಾದವು. ಮೊದಲನೆಯದು, ಸುಮಾರು 3 ಸಾವಿರ ಕಿಲೋಮೀಟರ್ ಹಿಂದೆ ಕ್ಲಚ್ ಪ್ಲೇಟ್ ಬದಲಿಸಿದ್ದರು, ಸದ್ದು ಅದಾದ ಮೇಲೆ ಬಂದದ್ದು. ಎರಡನೆಯದನ್ನು ಅವರು ದೂರು ಎಂದು ಹೇಳಲೇ ಇಲ್ಲ, ಮಾತಿನ ಮಧ್ಯೆ ಬಂತು: ಈಚೆಗೆ ಗಾಡಿ ಮೇಲಿನ ವೇಗಕ್ಕೆ ಏರುತ್ತಿಲ್ಲ, ಎಕ್ಸಲರೇಟರ್ ಪೂರ್ತಿ ತಿರುಗಿಸಿದರೂ ಕಟ್ಟಿಹಾಕಿದ ಹಾಗೆ ಇರುತ್ತದೆ. ಸದ್ದು ಮತ್ತು ಈ ಸುಸ್ತು ಒಂದೇ ಕಾಯಿಲೆಯ ಎರಡು ಮುಖ ಇರಬಹುದು ಎಂಬ ಗುಮಾನಿ ಅಲ್ಲೇ ಹುಟ್ಟಿತು.

ಸದ್ದು ಎಲ್ಲಿಂದ

ಇಂಜಿನ್ ಪೂರ್ತಿ ತಣ್ಣಗಿರುವಾಗ ಸ್ಟಾರ್ಟ್ ಮಾಡಿದೆ. ಮೊದಲ ಒಂದೆರಡು ನಿಮಿಷ ಸದ್ದು ತೆಳು. ಇಂಜಿನ್ ಬಿಸಿಯಾಗಿ ಆಯಿಲ್ ತೆಳ್ಳಗಾಗುತ್ತಾ ಹೋದಂತೆ ಟಿಕ್ ಟಿಕ್ ಗಟ್ಟಿಯಾಯಿತು, ಸ್ಟೀಲ್ ತಟ್ಟೆಗೆ ಉಗುರಿನಿಂದ ಬಡಿದ ಹಾಗೆ. ಇಷ್ಟರಿಂದಲೇ ಪಿಸ್ಟನ್ ಮೇಲಿನ ಅನುಮಾನ ಅರ್ಧ ಇಳಿಯಿತು. ಸವೆದ ಪಿಸ್ಟನ್ ತಣ್ಣಗಿದ್ದಾಗ ಬೋರ್‌ನೊಳಗೆ ಸಡಿಲವಾಗಿ ಬಡಿಯುತ್ತದೆ, ಬಿಸಿಯಾಗಿ ಹಿಗ್ಗಿದ ಮೇಲೆ ಸದ್ದು ತಗ್ಗುತ್ತದೆ. ಇಲ್ಲಿ ನಡೆದದ್ದು ಅದರ ತದ್ವಿರುದ್ಧ.

ಕ್ಲಚ್ ಲಿವರ್ ಹಿಡಿದು ನೋಡಿದೆ, ಸದ್ದು ಬದಲಾಗಲಿಲ್ಲ. ಕ್ಲಚ್ ಬಾಸ್ಕೆಟ್ ಸಡಿಲವಿದ್ದರೆ ಲಿವರ್ ಹಿಡಿದಾಗ ಸದ್ದಿನಲ್ಲಿ ಏನಾದರೂ ವ್ಯತ್ಯಾಸ ಕೇಳಿಸುತ್ತದೆ. ಎಕ್ಸಲರೇಟರ್ ಏರಿಸಿ ಥಟ್ಟನೆ ಬಿಟ್ಟೆ. ಟೈಮಿಂಗ್ ಚೈನ್ ಸಡಿಲವಾಗಿದ್ದರೆ ಹೀಗೆ ಇಳಿಯುವಾಗ ಗರಗರ ಎಂದು ಒದರಿಕೊಳ್ಳುತ್ತದೆ. ಅದೂ ಇರಲಿಲ್ಲ. ಸೈಲೆನ್ಸರ್ ಬೆಂಡ್ ಪೈಪ್ ಹೆಡ್‌ಗೆ ಕೂರುವ ಜಾಗದಲ್ಲಿ ಗ್ಯಾಸ್ಕೆಟ್ ಸೋರಿದರೆ ಬರುವ ಚಿಟ್ ಚಿಟ್ ಸದ್ದು ಥೇಟ್ ಟ್ಯಾಪೆಟ್ ಸದ್ದಿನಂತೆಯೇ ಇರುತ್ತದೆ, ಎಷ್ಟೋ ಜನ ಮೋಸಹೋಗುವುದು ಇದಕ್ಕೆ. ಅಲ್ಲಿ ಕಪ್ಪು ಮಸಿಯ ಗೆರೆ ಇದೆಯೇ ಎಂದು ಟಾರ್ಚ್ ಹಿಡಿದು ನೋಡಿದೆ, ತೆಳು ಕಾಗದದ ಚೂರು ಹತ್ತಿರ ಹಿಡಿದೆ. ಮಸಿ ಇಲ್ಲ, ಕಾಗದ ಅಲುಗಲಿಲ್ಲ. ಸ್ಪಾರ್ಕ್ ಪ್ಲಗ್ ಬುಡವೂ ಒಣಗಿ ಸ್ವಚ್ಛವಾಗಿತ್ತು.

ಆಮೇಲೆ ಮೊಬೈಲ್ ಫೋನಿನಲ್ಲಿ ಸದ್ದು ರೆಕಾರ್ಡ್ ಮಾಡಿದೆ. ಇದು ತುಂಬ ಸರಳ, ಆದರೆ ಬಳಸುವವರು ಕಡಿಮೆ. ಐಡ್ಲಿಂಗ್ 1,400 ಆರ್‌ಪಿಎಂ ಇದ್ದರೆ ಕ್ರ್ಯಾಂಕ್ ಒಂದು ಸುತ್ತಿಗೆ ಸುಮಾರು 43 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಕ್ಯಾಮ್ ಅದರ ಅರ್ಧ ವೇಗದಲ್ಲಿ ತಿರುಗುವುದರಿಂದ ಅದರ ಒಂದು ಸುತ್ತು ಸುಮಾರು 86 ಮಿಲಿಸೆಕೆಂಡ್. ಸೆಕೆಂಡಿಗೆ ಹನ್ನೆರಡು ಬಡಿತ ಎಣಿಸುವುದು ಕಿವಿಗೆ ಆಗದ ಕೆಲಸ, ಆದರೆ ರೆಕಾರ್ಡಿಂಗ್‌ನ ಅಲೆಯನ್ನು ಪರದೆಯ ಮೇಲೆ ಹಿಗ್ಗಿಸಿದರೆ ಒಂದು ಮೊನೆಯಿಂದ ಮುಂದಿನ ಮೊನೆಗೆ ಎಷ್ಟು ದೂರ ಎಂದು ಅಳೆಯಬಹುದು. ಇಲ್ಲಿ ಆ ದೂರ 85, 86, 86 ಎಂದು ಬಂತು. ನಡುವೆ ಇನ್ನೊಂದು ಮೊನೆ ಇಲ್ಲ. ಅಂದರೆ ಕ್ಯಾಮ್‌ನ ಒಂದು ಸುತ್ತಿಗೆ ಒಂದೇ ಬಡಿತ. ಎರಡೂ ವಾಲ್ವ್‌ಗಳ ಅಂತರ ಹೆಚ್ಚಿದ್ದರೆ ಒಂದು ಸುತ್ತಿನಲ್ಲಿ ಎರಡು ಮೊನೆ ಕಾಣಬೇಕಿತ್ತು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. "ಅರ್ಧ ವೇಗದ ಸದ್ದು ಎಂದರೆ ವಾಲ್ವ್ ಕಡೆಯದು" ಎಂದು ಬಾಯಿಪಾಠ ಹೇಳುವವರಿದ್ದಾರೆ. ಅದು ಪೂರ್ತಿ ನಿಜವಲ್ಲ. ಫೋರ್ ಸ್ಟ್ರೋಕ್‌ನಲ್ಲಿ ಇಂಧನ ಉರಿಯುವುದೂ ಎರಡು ಸುತ್ತಿಗೆ ಒಂದೇ ಸಲ. ಹಾಗಾಗಿ ಸೈಲೆನ್ಸರ್ ಗ್ಯಾಸ್ಕೆಟ್ ಸೋರಿಕೆಯ ಸದ್ದು, ಪವರ್ ಸ್ಟ್ರೋಕ್‌ನಲ್ಲಿ ಪಿಸ್ಟನ್ ಬೋರ್ ಗೋಡೆಗೆ ಬಡಿಯುವ ಸದ್ದು ಇವೂ ಅದೇ 86 ಮಿಲಿಸೆಕೆಂಡಿಗೇ ಬರುತ್ತವೆ. ರೆಕಾರ್ಡಿಂಗ್ ಒಂದರಿಂದಲೇ ತೀರ್ಪು ಕೊಡಲಾಗದು. ಗ್ಯಾಸ್ಕೆಟ್ ಸರಿ ಇದೆ, ಸದ್ದು ಬಿಸಿಯಾದಂತೆ ಏರುತ್ತದೆ ಎಂಬ ಹಿಂದಿನ ಎರಡು ಸಂಗತಿಗಳ ಜೊತೆ ಸೇರಿದಾಗಲೇ ಅದಕ್ಕೆ ತೂಕ. ಕೊನೆಗೆ ಉದ್ದನೆಯ ಸ್ಕ್ರೂಡ್ರೈವರ್‌ನ ತುದಿಯನ್ನು ಇಂಜಿನ್‌ಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ ಒಂದೊಂದೇ ಜಾಗ ಕೇಳುತ್ತಾ ಬಂದೆ. ಬ್ಲಾಕ್‌ನ ಮೇಲೆ ಮಂದ, ಇನ್‌ಲೆಟ್ ಕಡೆಯ ಟ್ಯಾಪೆಟ್ ಕವರ್ ಮೇಲೆ ಸಾಧಾರಣ, ಎಕ್ಸಾಸ್ಟ್ ಕಡೆಯ ಕವರ್ ಮೇಲೆ ಇಟ್ಟಾಗ ಕಿವಿಗೇ ಹೊಡೆಯಿತು.

ಅಂತರ ಯಾವ ದಿಕ್ಕಿಗೆ ಬದಲಾಗಿದೆ

ರಾತ್ರಿಯಿಡೀ ತಣಿಯಲು ಬಿಟ್ಟು ಬೆಳಗ್ಗೆ ಟ್ಯಾಪೆಟ್ ಕವರ್ ಬಿಚ್ಚಿದೆ. ಫ್ಲೈವೀಲ್‌ನ ಟಿ ಗುರುತನ್ನು ಕೇಸಿನ ಗುರುತಿಗೆ ಹೊಂದಿಸಿ, ಎರಡೂ ರಾಕರ್ ಆರ್ಮ್‌ಗಳು ಬೆರಳಿಗೆ ಸ್ವಲ್ಪ ಅಲುಗುತ್ತವೆಯೇ ನೋಡಿಕೊಂಡೆ. ಅಲುಗಿದರೆ ಕಂಪ್ರೆಷನ್ ಸ್ಟ್ರೋಕ್‌ನ ತುದಿಯಲ್ಲಿದ್ದೇವೆ ಎಂದರ್ಥ; ಒಂದು ಬಿಗಿಯಾಗಿದ್ದರೂ ಕ್ರ್ಯಾಂಕ್ ಇನ್ನೊಂದು ಸುತ್ತು ತಿರುಗಿಸಬೇಕು. ಈ ಇಂಜಿನ್‌ನ ಕೈಪಿಡಿಯಲ್ಲಿ ಇನ್‌ಲೆಟ್ 0.08 ಮಿ.ಮೀ., ಎಕ್ಸಾಸ್ಟ್ 0.12 ಮಿ.ಮೀ. ಎಂದಿದೆ. ಇನ್‌ಲೆಟ್ 0.08 ಸರಿಯಾಗಿತ್ತು. ಎಕ್ಸಾಸ್ಟ್ 0.31! ಸುಮಾರು 700 ಕಿಲೋಮೀಟರ್ ಹಿಂದೆಯಷ್ಟೇ ಸೆಟ್ ಮಾಡಿದ್ದು. ಲಾಕ್ ನಟ್ ಬಿಗಿಯಾಗಿಯೇ ಇತ್ತು, ಸ್ಕ್ರೂ ಹಿಂದಕ್ಕೆ ತಿರುಗಿದ ಸುಳಿವಿಲ್ಲ.

ಈಗ ದಿಕ್ಕಿನ ಮಾತು. ಸಾಮಾನ್ಯವಾಗಿ ಹಳೆಯ ಇಂಜಿನ್‌ಗಳಲ್ಲಿ ವಾಲ್ವ್ ತನ್ನ ಸೀಟಿನೊಳಗೆ ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ. ಇಳಿದಷ್ಟೂ ಅದರ ಕಾಂಡದ ತುದಿ ರಾಕರ್ ಕಡೆಗೆ ಏರುತ್ತದೆ, ಹಾಗಾಗಿ ಅಂತರ ಕಡಿಮೆಯಾಗುತ್ತಾ ಹೋಗುತ್ತದೆ. ಸದ್ದು ಹೆಚ್ಚುವುದಿಲ್ಲ, ತಗ್ಗುತ್ತದೆ. (ಅದಕ್ಕೇ ಸದ್ದಿಲ್ಲದ ಟ್ಯಾಪೆಟ್ ಕಂಡರೆ ನನಗೆ ಸದ್ದು ಮಾಡುವ ಟ್ಯಾಪೆಟ್‌ಗಿಂತ ಹೆಚ್ಚು ಭಯ.) ಅಂತರ ಹೆಚ್ಚುತ್ತಾ ಹೋಗುತ್ತಿದ್ದರೆ ಸವೆತ ವಾಲ್ವ್ ಸೀಟಿನಲ್ಲಿ ಇಲ್ಲ, ಕ್ಯಾಮ್‌ನಿಂದ ವಾಲ್ವ್ ತುದಿಯವರೆಗಿನ ದಾರಿಯಲ್ಲಿ ಎಲ್ಲೋ ಇದೆ. ಕ್ಯಾಮ್ ಮೇಲೆ ಜಾರುವ ರಾಕರ್‌ನ ಪ್ಯಾಡ್, ರಾಕರ್ ಶಾಫ್ಟ್, ಅದರ ತೂತು, ಅಡ್ಜಸ್ಟರ್ ಸ್ಕ್ರೂವಿನ ತುದಿ, ವಾಲ್ವ್ ಕಾಂಡದ ತುದಿ ಇಷ್ಟೇ ಜಾಗಗಳು. ಅಡ್ಜಸ್ಟರ್ ತುದಿಯಲ್ಲಿ ಗುಳಿ ಬಿದ್ದಿದ್ದರೆ ಫೀಲರ್ ಗೇಜ್‌ನ ಪಟ್ಟಿ ಗುಳಿಯ ಅಂಚುಗಳ ಮೇಲೆ ಕೂತು ಅಂತರವನ್ನು ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತದೆ ಎಂಬುದನ್ನೂ ನೆನಪಿಡಬೇಕು. ಸ್ಕ್ರೂ ಬಿಚ್ಚಿ ನೋಡಿದೆ, ತುದಿ ಚೆನ್ನಾಗಿತ್ತು.

ಕ್ಯಾಮ್‌ನ ಮೂಗು (ಉಬ್ಬಿನ ತುದಿ) ಸವೆದಿದೆಯೇ ಎಂಬುದು ಈ ಅಂತರದಿಂದ ಗೊತ್ತಾಗುವುದಿಲ್ಲ. ಅಂತರ ಅಳೆಯುವಾಗ ರಾಕರ್ ಕೂತಿರುವುದು ಕ್ಯಾಮ್‌ನ ಗುಂಡು ಬೆನ್ನಿನ ಮೇಲೆ, ಮೂಗಿನ ಮೇಲೆ ಅಲ್ಲ. ಮೂಗು ಪೂರ್ತಿ ಕರಗಿ ಹೋಗಿದ್ದರೂ ಫೀಲರ್ ಗೇಜ್ 0.12 ತೋರಿಸಬಲ್ಲದು. ಅದಕ್ಕೆ ಬೇರೆ ಅಳತೆ ಬೇಕು. ಡಯಲ್ ಗೇಜ್‌ನ ಕಡ್ಡಿಯನ್ನು ವಾಲ್ವ್ ಸ್ಪ್ರಿಂಗ್‌ನ ಮೇಲಿನ ಬಟ್ಟಲಿಗೆ ತಾಗಿಸಿ, ಕ್ರ್ಯಾಂಕ್ ಅನ್ನು ಕೈಯಿಂದ ನಿಧಾನವಾಗಿ ತಿರುಗಿಸಿ ವಾಲ್ವ್ ಎಷ್ಟು ಕೆಳಗಿಳಿಯುತ್ತದೆ ಎಂದು ನೋಡಿದೆ. ಈ ಇಂಜಿನ್‌ನ ಎಕ್ಸಾಸ್ಟ್ ವಾಲ್ವ್ 7.2 ಮಿ.ಮೀ. ಇಳಿಯಬೇಕು. ಇಳಿದದ್ದು 6.1. ಸುತ್ತು ಸುತ್ತಿಗೂ ಅದೇ 6.1. ಒಂದು ಮಿಲಿಮೀಟರಿಗಿಂತ ಹೆಚ್ಚು ಕಾಣೆ. ಮೇಲಿನ ವೇಗದಲ್ಲಿ ಗಾಡಿ ಏದುಸಿರು ಬಿಡುತ್ತಿದ್ದುದಕ್ಕೆ ಕಾರಣ ಇಲ್ಲೇ ಸಿಕ್ಕಿತು: ಉರಿದ ಹೊಗೆ ಹೊರಹೋಗುವ ಬಾಗಿಲು ಪೂರ್ತಿ ತೆರೆಯುತ್ತಿಲ್ಲ.

ಇಷ್ಟರಲ್ಲಿ "ಏನು ಸವೆದಿದೆ" ಎಂಬುದು ಹೆಡ್ ಬಿಚ್ಚದೆಯೇ ಸ್ಪಷ್ಟವಾಗಿತ್ತು. ಹೊಸ ಕ್ಯಾಮ್, ಹೊಸ ರಾಕರ್ ಹಾಕಿ ಗಾಡಿ ಕೊಟ್ಟುಬಿಡಬಹುದಿತ್ತು. ಹಾಗೆ ಮಾಡಿದ್ದರೆ ಹೊಸ ಕ್ಯಾಮ್ ಕೂಡ ಇನ್ನೊಂದು 3 ಸಾವಿರ ಕಿಲೋಮೀಟರಿನಲ್ಲಿ ಅದೇ ಗತಿ ಕಾಣುತ್ತಿತ್ತು. 43 ಸಾವಿರ ಕಿಲೋಮೀಟರ್ ಸುಮ್ಮನಿದ್ದ ಕ್ಯಾಮ್ ಆಮೇಲಿನ ಮೂರು ಸಾವಿರದಲ್ಲಿ ಯಾಕೆ ಕರಗಿತು?

ಆಯಿಲ್ ಎಲ್ಲಿ ಹೋಯಿತು

ಕ್ಯಾಮ್ ಮತ್ತು ರಾಕರ್ ಪ್ಯಾಡ್ ಮುಟ್ಟುವ ಜಾಗ ಇಡೀ ಇಂಜಿನ್‌ನಲ್ಲಿ ಅತ್ಯಂತ ಕಷ್ಟದ ಜಾಗಗಳಲ್ಲಿ ಒಂದು. ವಾಲ್ವ್ ಸ್ಪ್ರಿಂಗ್‌ನ ಇಡೀ ಒತ್ತಡ ಒಂದು ತೆಳು ಗೆರೆಯ ಮೇಲೆ ಬೀಳುತ್ತದೆ, ಆ ಗೆರೆ ಉಜ್ಜುತ್ತಾ ಸಾಗುತ್ತದೆ. ಎಕ್ಸಾಸ್ಟ್ ಕಡೆಯ ಪಾಡು ಇನ್ನೂ ಕಷ್ಟ, ಯಾಕೆಂದರೆ ಆ ವಾಲ್ವ್ ತೆರೆಯುವಾಗ ಸಿಲಿಂಡರ್‌ನೊಳಗೆ ಉಳಿದಿರುವ ಒತ್ತಡವನ್ನೂ ಎದುರು ತಳ್ಳಬೇಕು, ಅಲ್ಲಿನ ಬಿಸಿಯೂ ಹೆಚ್ಚು. ಕ್ಯಾಮ್‌ನ ಮೇಲ್ಮೈಯನ್ನು ಗಟ್ಟಿ ಮಾಡಿರುತ್ತಾರೆ, ಆದರೆ ಆ ಗಟ್ಟಿ ಪದರದ ಆಳ ಸೀಮಿತ. ಪದರ ಹರಿದ ಮೇಲೆ ಒಳಗಿನ ಮೆತ್ತನೆಯ ಲೋಹ ಬೇಗ ಸವೆಯುತ್ತದೆ. ಮೊದಲ ಸಲಕ್ಕಿಂತ ಎರಡನೇ ಸಲ, ಎರಡನೆಯದಕ್ಕಿಂತ ಮೂರನೇ ಸಲ ಸದ್ದು ಬೇಗ ಮರಳಿತು ಎಂದು ಮಾಲೀಕರು ಹೇಳಿದ್ದಕ್ಕೆ ಇದು ಸರಿಹೊಂದುತ್ತದೆ.

ಐಡ್ಲಿಂಗ್‌ನಲ್ಲಿ ಗಾಡಿ ನಿಲ್ಲಿಸಿಕೊಂಡರೆ ಇಂಜಿನ್‌ಗೆ ಆರಾಮ ಎಂದು ತಿಳಿದವರು ಬಹಳ. ಕ್ಯಾಮ್ ಮೂಗಿನ ಮಟ್ಟಿಗೆ ಅದು ಉಲ್ಟಾ. ವೇಗ ಹೆಚ್ಚಿದ್ದಾಗ ಮೂಗಿನ ಮೇಲೆ ಸಾಗುವ ಹೊತ್ತಿಗೆ ರಾಕರ್ ಮತ್ತು ವಾಲ್ವ್ ತಮ್ಮ ಚಲನೆಯ ರಭಸದಲ್ಲೇ ಸ್ಪ್ರಿಂಗ್‌ನ ಒತ್ತಡವನ್ನು ಸ್ವಲ್ಪ ಹೊರುತ್ತವೆ. ನಿಧಾನವಾಗಿ ತಿರುಗುವಾಗ ಸ್ಪ್ರಿಂಗ್‌ನ ಪೂರ್ತಿ ಭಾರ ಮೂಗಿನ ಮೇಲೆಯೇ, ಜೊತೆಗೆ ಆಯಿಲ್ ಪದರವೂ ತೆಳು.

ಟ್ಯಾಪೆಟ್ ಕವರ್ ತೆಗೆದಿಟ್ಟೇ ಇಂಜಿನ್ ಸ್ಟಾರ್ಟ್ ಮಾಡಿದೆ. ಸರಿ ಇರುವ ಇಂಜಿನ್‌ನಲ್ಲಿ ಹೀಗೆ ಮಾಡಿದರೆ ಅರ್ಧ ನಿಮಿಷದೊಳಗೆ ಆಯಿಲ್ ಚಿಮ್ಮಿ ಕೈ, ಬಟ್ಟೆ, ಟ್ಯಾಂಕ್ ಎಲ್ಲಾ ಒದ್ದೆ. ಅದಕ್ಕೆಂದೇ ಸುತ್ತ ಬಟ್ಟೆ ಹಾಸಿದ್ದೆ. ಕಾದೆ. ಬಟ್ಟೆಯ ಮೇಲೆ ಒಂದು ಹನಿಯೂ ಬೀಳಲಿಲ್ಲ. ರಾಕರ್ ಮೇಲೆ ಆಯಿಲ್‌ನ ಮಸುಕು ಪಸೆ ಮಾತ್ರ, ಎಕ್ಸಾಸ್ಟ್ ಕಡೆ ಅದೂ ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು. ಕೂಡಲೇ ಆಫ್ ಮಾಡಿದೆ.

ಆಯಿಲ್ ಇಳಿಸಿ ಬಿಳಿ ಬಟ್ಟೆಯಲ್ಲಿ ಸೋಸಿದೆ. ಡ್ರೈನ್ ಬೋಲ್ಟಿಗೆ ಬೂದುಬಣ್ಣದ ಲೇಪ ಅಂಟಿತ್ತು, ಅದರ ಜೊತೆ ಬೆರಳಿಗೆ ಚುಚ್ಚುವಂಥ ಸಣ್ಣ ಚಕ್ಕೆಗಳೂ ಇದ್ದವು. ಲೇಪ ಎಲ್ಲ ಇಂಜಿನ್‌ನಲ್ಲೂ ಇರುತ್ತದೆ, ಗಾಬರಿ ಬೇಡ. ಚಕ್ಕೆ ಇರಬಾರದು. ಆಯಸ್ಕಾಂತ ಹಿಡಿದರೆ ಚಕ್ಕೆಗಳೆಲ್ಲ ಅಂಟಿಕೊಂಡವು, ಅಂದರೆ ಕಬ್ಬಿಣದ ಜಾತಿ: ಕ್ಯಾಮ್, ರಾಕರ್, ಗೇರ್, ಬೇರಿಂಗ್ ಇವುಗಳಲ್ಲಿ ಒಂದು. ಆಯಸ್ಕಾಂತಕ್ಕೆ ಅಂಟದ ಬೆಳ್ಳಿಯ ಮಿನುಗು ಕಂಡಿದ್ದರೆ ಅಲ್ಯೂಮಿನಿಯಂ, ಪಿಸ್ಟನ್ ಮೇಲಿನ ಅನುಮಾನ ಮತ್ತೆ ಏಳುತ್ತಿತ್ತು. ಬಂಗಾರದ ಬಣ್ಣ ಕಂಡಿದ್ದರೆ ಬುಷ್. ಎರಡೂ ಇರಲಿಲ್ಲ.

ಬಟ್ಟೆಯ ಮೇಲೆ ನಾನು ಹುಡುಕದೇ ಇದ್ದ ಇನ್ನೊಂದು ವಸ್ತು ಇತ್ತು. ಬೂದುಬಣ್ಣದ, ರಬ್ಬರಿನಂತೆ ಜಗ್ಗುವ, ಉಗುರಿನಷ್ಟು ಉದ್ದದ ಎಳೆಗಳು. ಬಲಗಡೆಯ ಕ್ಲಚ್ ಕವರ್ ಬಿಚ್ಚಿದಾಗ ಅವುಗಳ ತವರು ಸಿಕ್ಕಿತು. ಕವರ್‌ನ ಗ್ಯಾಸ್ಕೆಟ್‌ಗೆ ಎರಡೂ ಬದಿ ಸಿಲಿಕಾನ್ ಸೀಲಂಟ್ ಧಾರಾಳವಾಗಿ ಬಳಿದಿದ್ದರು. ಬೋಲ್ಟ್ ಬಿಗಿಯಾದಾಗ ಸೀಲಂಟ್ ಹೊರಕ್ಕೆ ಬಂದಷ್ಟೇ ಒಳಕ್ಕೂ ಉಕ್ಕಿದೆ. ಹೊರಗೆ ಬಂದದ್ದನ್ನು ಒರೆಸಿರಬಹುದು. ಒಳಗೆ ಬಂದದ್ದನ್ನು ಒರೆಸುವವರಾರು? ಅದು ದಾರದಂತೆ ಅಂಚಿನುದ್ದಕ್ಕೂ ಜೋತುಬಿದ್ದಿತ್ತು, ಅಲ್ಲಲ್ಲಿ ಹರಿದುಹೋದ ಜಾಗ ಖಾಲಿ. ಆಯಿಲ್ ಸೋಸುವ ಕೆಳಗಿನ ಜಾಲರಿಯ ಮೂರನೇ ಒಂದು ಭಾಗ ಈ ಎಳೆಗಳಿಂದ ಮುಚ್ಚಿತ್ತು.

ಜಾಲರಿ ಇರುವುದೇ ಕಸ ತಡೆಯಲಿಕ್ಕಲ್ಲವೇ, ಮೇಲೆ ಹೇಗೆ ಹೋಯಿತು ಎಂದು ಕೇಳಬಹುದು. ಈ ಇಂಜಿನ್‌ನಲ್ಲಿ ಪಂಪಿನಿಂದ ಹೊರಟ ಆಯಿಲ್ ಕ್ಲಚ್ ಕವರ್‌ನೊಳಗೆ ಕೊರೆದಿರುವ ದಾರಿಯ ಮೂಲಕವೇ ಹಾದುಹೋಗುತ್ತದೆ. ಗ್ಯಾಸ್ಕೆಟ್‌ನಲ್ಲಿ ಅದಕ್ಕೆಂದು ಒಂದು ತೂತು ಇದೆ. ಆ ತೂತಿನ ಸುತ್ತ ಬಳಿದ ಸೀಲಂಟ್ ನೇರವಾಗಿ ಆಯಿಲ್ ದಾರಿಗೇ ಉಕ್ಕಿದೆ, ಅಂದರೆ ಜಾಲರಿ ಮತ್ತು ಪಂಪ್ ಎರಡನ್ನೂ ದಾಟಿದ ಮೇಲಿನ ಜಾಗಕ್ಕೆ. ಅಲ್ಲಿಂದ ಮುಂದೆ ಒಂದು ಕವಲು ಕ್ರ್ಯಾಂಕಿಗೆ, ಇನ್ನೊಂದು ಕವಲು ಬ್ಲಾಕಿನ ಸ್ಟಡ್ ಪಕ್ಕದ ಸಂದಿಯಲ್ಲಿ ಹೆಡ್‌ಗೆ. ಹೆಡ್‌ಗೆ ಹೋಗುವ ದಾರಿಯ ಬುಡದಲ್ಲಿ, ಬ್ಲಾಕ್ ಕೂರುವ ಜಾಗದಲ್ಲಿ, ಆಯಿಲ್ ಎಲ್ಲಾ ಮೇಲಕ್ಕೇ ಹೋಗದಿರಲಿ ಎಂದು ಸಣ್ಣ ತೂತಿನ ಒಂದು ತುಂಡು ಇಟ್ಟಿರುತ್ತಾರೆ.

ಬ್ಲಾಕ್ ಎತ್ತಿ ಆ ತುಂಡನ್ನು ಬೆಳಕಿಗೆ ಹಿಡಿದೆ. ತೂತಿನ ಬಾಯಿಗೆ ಬೂದುಬಣ್ಣದ ಬಿರಡೆ. ಒಂದು ಅಂಚಿನಲ್ಲಿ ಕೂದಲೆಳೆಯಷ್ಟು ಬೆಳಕು ತೂರುತ್ತಿತ್ತು. ಆ ಕೂದಲೆಳೆಯಲ್ಲಿ ನುಸುಳಿದ ಆಯಿಲ್ ನಂಬಿಕೊಂಡು ಕ್ಯಾಮ್ 3 ಸಾವಿರ ಕಿಲೋಮೀಟರ್ ತಿರುಗಿದೆ.

ನನಗೆ ಇಲ್ಲಿ ಸಿಟ್ಟು ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ತಯಾರಕರು ಕಾಗದದ ಗ್ಯಾಸ್ಕೆಟ್ ಕೊಟ್ಟಿರುವ ಜಾಗಕ್ಕೆ ಸೀಲಂಟ್ ಬೇಕಿಲ್ಲ. ಹಳೆಯ ಗ್ಯಾಸ್ಕೆಟ್‌ನ ಚೂರುಗಳನ್ನು ತಾಳ್ಮೆಯಿಂದ ಕೆರೆದು, ಎರಡೂ ಮುಖ ಒರೆಸಿ, ಹೊಸ ಗ್ಯಾಸ್ಕೆಟ್ ಕೂರಿಸಿ, ಬೋಲ್ಟ್‌ಗಳನ್ನು ಎದುರುಬದುರು ಸಮನಾಗಿ ಬಿಗಿದರೆ ಒಂದು ಹನಿ ಸೋರುವುದಿಲ್ಲ. ಕೆರೆಯುವ ಆ ಕಾಲು ಗಂಟೆ ಉಳಿಸಲೆಂದು ಸೀಲಂಟ್ ಬಳಿಯುತ್ತಾರೆ. ಗೇರ್ ಬಾಕ್ಸ್ ಕೇಸಿನಂತೆ ಗ್ಯಾಸ್ಕೆಟ್ ಇಲ್ಲದ ಜೋಡಣೆಗಳಿಗೆ ಸೀಲಂಟ್ ಬೇಕೇ ಬೇಕು; ಅಲ್ಲಿಯೂ ತೆಳುವಾಗಿ ಒಂದು ಪದರ, ಆಯಿಲ್ ತೂತುಗಳಿಂದ ದೂರ.

ಬಿಚ್ಚಿದ ಮೇಲೆ ಕಂಡದ್ದು

ಬಿಚ್ಚುವ ಮೊದಲೇ ಕಂಪ್ರೆಷನ್ ನೋಡಿಟ್ಟುಕೊಂಡಿದ್ದೆ, ಅದನ್ನು ಇಲ್ಲಿ ಹೇಳುತ್ತೇನೆ. ಇಂಜಿನ್ ಬಿಸಿಯಿದ್ದಾಗ, ಎಕ್ಸಲರೇಟರ್ ಪೂರ್ತಿ ತೆರೆದು, ಮುಳ್ಳು ಇನ್ನು ಏರದು ಎನ್ನುವವರೆಗೆ ಕಿಕ್ ಹೊಡೆದಾಗ ಚದರ ಸೆಂಟಿಮೀಟರಿಗೆ 11.5 ಕಿಲೋ ಬಂತು. ಪ್ಲಗ್ ತೂತಿನಲ್ಲಿ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದಾಗ 11.8. ರಿಂಗ್ ಅಥವಾ ಬೋರ್ ಸವೆದಿದ್ದರೆ ಆ ಆಯಿಲ್ ಸಂದಿ ಮುಚ್ಚಿ ಅಂಕಿ ಚೆನ್ನಾಗಿ ಜಿಗಿಯಬೇಕಿತ್ತು. ಜಿಗಿಯಲಿಲ್ಲ.

ಕ್ಯಾಮ್ ಕೈಗೆ ಬಂದಾಗ ಅಳತೆಯೇ ಬೇಕಿರಲಿಲ್ಲ, ಆದರೂ ಅಳೆದೆ. ಇನ್‌ಲೆಟ್ ಲೋಬ್ (ಕ್ಯಾಮ್‌ನ ಉಬ್ಬು) ಕನ್ನಡಿಯಂತೆ ಹೊಳೆಯುತ್ತಿತ್ತು, ಎತ್ತರ 32.95 ಮಿ.ಮೀ. ಎಕ್ಸಾಸ್ಟ್ ಲೋಬ್‌ನ ಮೂಗು ಚಪ್ಪಟೆ, ಅಡ್ಡಡ್ಡ ಗೀರು, ಎತ್ತರ 32.2. ರಾಕರ್ ಪ್ಯಾಡ್ ಲೋಬ್‌ಗಿಂತ ಸ್ವಲ್ಪ ಕಿರಿದು, ಹಾಗಾಗಿ ಲೋಬ್‌ನ ಎರಡು ಅಂಚಿನಲ್ಲಿ ಸವೆಯದೆ ಉಳಿದ ಸಣ್ಣ ಏಣು ಇತ್ತು. ಕೈಪಿಡಿ ಸಿಗದ ಗಾಡಿಗಳಲ್ಲಿ ಈ ಏಣು ತುಂಬ ಉಪಯೋಗಕ್ಕೆ ಬರುತ್ತದೆ: ಮೈಕ್ರೋಮೀಟರನ್ನು ಅದರ ಮೇಲೆ ಹಿಡಿದರೆ ಲೋಬ್ ಹುಟ್ಟಿದಾಗ ಎಷ್ಟಿತ್ತು ಎಂದು ತಿಳಿಯುತ್ತದೆ. ಇಲ್ಲಿ 33.0 ಬಂತು, ಅಂದರೆ 0.8 ಮಿ.ಮೀ. ಹೋಗಿದೆ. ರಾಕರ್‌ನ ವಾಲ್ವ್ ಕಡೆಯ ತೋಳು ಸ್ವಲ್ಪ ಉದ್ದ, ಅನುಪಾತ ಹೆಚ್ಚುಕಡಿಮೆ 1.1. ಹಾಗಾಗಿ ಲೋಬ್‌ನ 0.8 ವಾಲ್ವ್ ಹತ್ತಿರ 0.88 ಆಗುತ್ತದೆ. ಟ್ಯಾಪೆಟ್ ಅಂತರದಲ್ಲಿ ಹೆಚ್ಚಾದ 0.19 ಸೇರಿಸಿದರೆ 1.07. ಡಯಲ್ ಗೇಜ್ ತೋರಿಸಿದ ನಷ್ಟ 1.1. ಲೆಕ್ಕ ಕೂಡಿತು. ಹೀಗೆ ಎರಡು ಕಡೆಯ ಅಳತೆಗಳು ತಾಳೆಯಾದಾಗಲೇ ನನಗೆ ಸಮಾಧಾನ, ಇಲ್ಲದಿದ್ದರೆ ಇನ್ನೂ ಏನೋ ಅಡಗಿದೆ ಎಂದೇ ಅರ್ಥ.

ಎಕ್ಸಾಸ್ಟ್ ರಾಕರ್ ಪ್ಯಾಡಿನ ಮಧ್ಯೆ ಉಗುರು ಸಿಕ್ಕಿಕೊಳ್ಳುವಷ್ಟು ಹಳ್ಳ. ರಾಕರ್ ಶಾಫ್ಟ್‌ನ ಒಂದೇ ಬದಿ ನೀಲಿಗಟ್ಟಿ ಸವೆದಿತ್ತು, ಆಯಿಲ್ ಇಲ್ಲದೆ ಕಾದ ಗುರುತು. ಇನ್‌ಲೆಟ್ ರಾಕರ್‌ನಲ್ಲಿ ದೋಷ ಕಾಣಲಿಲ್ಲ.

ಇನ್ನು ಕೆಳಗೆ. ಕ್ಯಾಮ್‌ನಿಂದ ಉದುರಿದ ಗಟ್ಟಿ ಲೋಹ ಆಯಿಲ್ ಜೊತೆ ಎಲ್ಲೆಲ್ಲಿಗೆ ಹೋಯಿತು ಎಂಬುದೇ ನನ್ನ ದೊಡ್ಡ ಚಿಂತೆಯಾಗಿತ್ತು. ಕ್ರ್ಯಾಂಕ್ ತುದಿಯ ತಿರುಗುವ ಫಿಲ್ಟರ್ ಬಟ್ಟಲನ್ನು ಬಿಚ್ಚಿದರೆ ಒಳಗೋಡೆಗೆ ಕಪ್ಪು ಕೆಸರು ಗಟ್ಟಿಯಾಗಿ ಅಂಟಿತ್ತು, ಕೆರೆದು ಆಯಸ್ಕಾಂತಕ್ಕೆ ಹಿಡಿದರೆ ಅರ್ಧಕ್ಕರ್ಧ ಕಬ್ಬಿಣ. ಸುತ್ತುವ ರಭಸಕ್ಕೆ ಭಾರದ ಕಣಗಳು ಗೋಡೆಗೆ ಹೋಗಿ ಕೂರುವ ಈ ಸರಳ ಉಪಾಯ ಕನೆಕ್ಟಿಂಗ್ ರಾಡಿನ ಬಿಗ್ ಎಂಡ್ ಬೇರಿಂಗನ್ನು ಉಳಿಸಿದೆ. ರಾಡನ್ನು ಮೇಲಿನ ತುದಿಗೆ ತಂದು ನೇರವಾಗಿ ಮೇಲೆ ಕೆಳಗೆ ಜಗ್ಗಿದಾಗ ಏನೂ ಆಟ ಸಿಗಲಿಲ್ಲ. ಪಕ್ಕಕ್ಕೆ ಇರುವ ಸಡಿಲ ಕೈಪಿಡಿಯ ಮಿತಿಯೊಳಗಿತ್ತು. ಪಿಸ್ಟನ್ನನ್ನು ರಾಡಿಗೆ ಜೋಡಿಸುವ ಗಜನ್ ಪಿನ್ ಕೂಡ ಸರಿ.

ಬೋರ್ ಹೊಸದರಲ್ಲಿ 57.30 ಮಿ.ಮೀ., ಮಿತಿ 57.40. ಮೇಲೆ, ಮಧ್ಯೆ, ಕೆಳಗೆ, ಎರಡೂ ದಿಕ್ಕಿನಲ್ಲಿ ಅಳೆದಾಗ ಅತಿ ಹೆಚ್ಚು ಬಂದದ್ದು 57.34, ಅದೂ ಮೇಲ್ತುದಿಯಲ್ಲಿ, ರಿಂಗ್ ತಿರುಗಿ ಇಳಿಯುವ ಜಾಗದಲ್ಲಿ. ರಿಂಗ್ ಬಾಯಿಯ ಸಂದಿ 0.32, ಮಿತಿ 0.50. ಬೋರ್ ವ್ಯಾಸ 0.01 ಹೆಚ್ಚಾದರೆ ಈ ಸಂದಿ ಸುಮಾರು 0.03 ಹೆಚ್ಚುತ್ತದೆ, ಯಾಕೆಂದರೆ ಸುತ್ತಳತೆ ವ್ಯಾಸದ ಮೂರು ಪಟ್ಟಿಗಿಂತ ಸ್ವಲ್ಪ ಹೆಚ್ಚು. ಬೋರ್ ಗೇಜ್ ಇಲ್ಲದವರು ಹೊಸ ರಿಂಗನ್ನು ಬೋರ್‌ನ ಬೇರೆ ಬೇರೆ ಎತ್ತರದಲ್ಲಿ ಕೂರಿಸಿ ಸಂದಿ ಅಳೆದರೂ ಸವೆತದ ಅಂದಾಜು ಸಿಗುತ್ತದೆ. ಪಿಸ್ಟನ್ ಸ್ಕರ್ಟ್‌ನಲ್ಲಿ ಉದ್ದುದ್ದ ತೆಳು ಗೆರೆಗಳಿದ್ದವು, ಉಗುರಿಗೆ ಸಿಗದಂಥವು. ಬೋರ್ ಕೆಲಸ ಬೇಡ ಎಂದು ಮಾಲೀಕರಿಗೆ ಹೇಳಲು ಇಷ್ಟು ಸಾಕಾಗಿತ್ತು. ಅಳತೆ ಬರೆದ ಕಾಗದವನ್ನೇ ಅವರ ಕೈಗೆ ಕೊಟ್ಟೆ, ಸವೆದ ಕ್ಯಾಮನ್ನೂ ಸೀಲಂಟ್ ಎಳೆಗಳನ್ನೂ ಪಕ್ಕದಲ್ಲಿಟ್ಟೆ. ಅವರು ಕ್ಯಾಮ್‌ನ ಎರಡು ಮೂಗುಗಳ ಮೇಲೂ ಹೆಬ್ಬೆರಳು ಆಡಿಸಿ ನೋಡಿ, "ಮೊದಲ ಸಲ ಸದ್ದು ಬಂದಾಗಲೇ ಯಾರಾದ್ರೂ ಆಯಿಲ್ ನೋಡಿದ್ದಿದ್ರೆ?" ಎಂದು ಕೇಳಿದರು. ನೋಡಿದ್ದರೆ ಬಹುಶಃ ತೂತು ಸ್ವಚ್ಛ ಮಾಡಿ ಬಿಟ್ಟರೆ ಸಾಕಾಗುತ್ತಿತ್ತು ಎಂದೆ.

ಜೋಡಣೆ ಮತ್ತು ಆಮೇಲೆ

ಕ್ಯಾಮ್, ಎಕ್ಸಾಸ್ಟ್ ರಾಕರ್, ಅದರ ಶಾಫ್ಟ್ ಹೊಸದು. ಹೊಸ ಕ್ಯಾಮ್ ಮೇಲೆ ಹಳ್ಳ ಬಿದ್ದ ರಾಕರ್ ಕೂರಿಸುವುದು ಹೊಸ ಕ್ಯಾಮನ್ನು ಕೈಯಾರೆ ಹಾಳು ಮಾಡಿದಂತೆ. ಇನ್‌ಲೆಟ್ ರಾಕರ್ ಚೆನ್ನಾಗಿದ್ದರೂ ಅದನ್ನೂ ಬದಲಿಸಿದೆ, ಅದರ ಪ್ಯಾಡ್ ಹಳೆಯ ಲೋಬ್‌ಗೆ ಹೊಂದಿಕೊಂಡು ಸವೆದಿರುತ್ತದೆ. ಬ್ಲಾಕ್ ಹೇಗೂ ಎತ್ತಿದ್ದರಿಂದ ರಿಂಗ್ ಸೆಟ್ ಹೊಸದು ಹಾಕಿ ಬೋರ್‌ಗೆ ಹಗುರವಾಗಿ ಹೋನಿಂಗ್ ಮಾಡಿಸಿದೆ. ಆಯಿಲ್ ಪಂಪಿನ ಒಳಗೋಡೆಯಲ್ಲಿ ಗೀರುಗಳಿದ್ದವು, ಅಳತೆ ಮಿತಿಯೊಳಗಿದ್ದರೂ ಪಂಪ್ ಬದಲಿಸಿದೆ. ಅಲ್ಲಿ ಉಳಿತಾಯ ಮಾಡುವ ಧೈರ್ಯ ನನಗಿಲ್ಲ.

ಹೆಚ್ಚು ಹೊತ್ತು ಹಿಡಿದದ್ದು ಆಯಿಲ್ ದಾರಿಗಳನ್ನು ಸ್ವಚ್ಛ ಮಾಡುವುದಕ್ಕೆ. ತಂತಿ ತೂರಿಸಿದರೆ ಸೀಲಂಟ್ ಚೂರು ಇನ್ನೂ ಒಳಗೆ ಹೋಗಿ ಕೂರುತ್ತದೆ. ಅದಕ್ಕೆ ಆಯಿಲ್ ಹರಿಯುವ ದಿಕ್ಕಿಗೆ ಎದುರಾಗಿ, ಹೆಡ್ ಕಡೆಯಿಂದ ಬುಡದ ಕಡೆಗೆ, ಗಾಳಿ ಹೊಡೆದೆ. ಪ್ರತಿ ತೂತಿನ ಇನ್ನೊಂದು ಬಾಯಿಗೆ ಬೆರಳಿಟ್ಟು ಗಾಳಿ ಸರಾಗವಾಗಿ ಬರುತ್ತಿದೆಯೇ ನೋಡಿದೆ. ಕ್ರ್ಯಾಂಕ್ ಕಡೆಯ ಕವಲಿನಿಂದಲೂ ಎರಡು ಚೂರು ಹೊರಬಂದವು. ಅವು ಅಲ್ಲೇ ಉಳಿದು ಮುಂದೊಂದು ದಿನ ಬಿಗ್ ಎಂಡ್‌ಗೆ ಅಡ್ಡಬಂದಿದ್ದರೆ ಆಗ ಬರುವುದು ಟಿಕ್ ಟಿಕ್ ಅಲ್ಲ.

ಹೊಸ ಲೋಬ್‌ಗಳಿಗೆ ಮಾಲಿಬ್ಡಿನಮ್ ಇರುವ ಲೇಪ ಸವರಿ ಜೋಡಿಸಿದೆ. ಪ್ಲಗ್ ತೆಗೆದಿಟ್ಟು ಕಿಕ್ಕರ್ ಒತ್ತುತ್ತಾ ಹೋದಾಗ ಹೆಡ್‌ನ ಮೇಲೆ ಆಯಿಲ್ ಉಕ್ಕಿ ಬಂತು. ಅದು ಕಂಡ ಮೇಲೆಯೇ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿದ್ದು. ಮೊದಲಿಗೆ ಐಡ್ಲಿಂಗ್‌ಗೆ ಬಿಡದೆ, ಮುಂದೆ ಫ್ಯಾನ್ ಇಟ್ಟು, 2,000 ಆರ್‌ಪಿಎಂಗಿಂತ ಸ್ವಲ್ಪ ಮೇಲೆ ಹಿಡಿದು, ಬಿಸಿ ಏರಿದಾಗ ನಿಲ್ಲಿಸಿ ತಣಿಸಿ, ಮತ್ತೆ ಓಡಿಸಿದೆ. ಟ್ಯಾಪೆಟ್ ಅಂತರ 0.08 ಮತ್ತು 0.12.

ಗಾಡಿ ಕೊಡುವಾಗ ಒಂದು ವಿಷಯ ಒತ್ತಿ ಹೇಳಿದೆ. 0.12 ಅಂತರ ಇದ್ದ ಮೇಲೆ ಕಿವಿಗೊಟ್ಟರೆ ಸಣ್ಣ ಟಿಕ್ ಕೇಳಿಯೇ ಕೇಳುತ್ತದೆ, ಅದು ಇರಬೇಕು. ಅದನ್ನೂ ನಿಲ್ಲಿಸಿಕೊಡಿ ಎಂದು ಯಾರ ಹತ್ತಿರವಾದರೂ ಬಿಗಿಯಾಗಿ ಸೆಟ್ ಮಾಡಿಸಿದರೆ ಎಕ್ಸಾಸ್ಟ್ ವಾಲ್ವ್ ಸೀಟಿಗೆ ಪೂರ್ತಿ ಕೂರುವುದಿಲ್ಲ. ಆ ವಾಲ್ವ್ ತನ್ನ ಬಿಸಿಯನ್ನು ಬಹುಪಾಲು ಬಿಟ್ಟುಕೊಡುವುದೇ ಸೀಟಿಗೆ ಅಂಟಿ ಕೂತಿರುವ ಹೊತ್ತಿನಲ್ಲಿ. ಕೂರದಿದ್ದರೆ ಅಂಚು ಸುಟ್ಟುಹೋಗುತ್ತದೆ.

300 ಕಿಲೋಮೀಟರ್ ಆದ ಮೇಲೆ ಆಯಿಲ್ ಬದಲಿಸಿದೆ. ಡ್ರೈನ್ ಬೋಲ್ಟಿನಲ್ಲಿ ತೆಳು ಲೇಪ, ಚಕ್ಕೆ ಇಲ್ಲ. ಜಾಲರಿಯಲ್ಲಿ ಸೀಲಂಟ್‌ನ ಒಂದು ಸಣ್ಣ ಎಳೆ ಸಿಕ್ಕಿತು, ಕೇಸಿನ ಮೂಲೆಯಲ್ಲಿ ಎಲ್ಲೋ ಉಳಿದಿದ್ದು. ಹಾಗಾಗಿ ಮುಂದಿನ ಸಲವೂ ಜಾಲರಿ ನೋಡಬೇಕೆಂದು ಅವರ ಪುಸ್ತಕದಲ್ಲಿ ಬರೆದೆ. 1,000 ಕಿಲೋಮೀಟರಿಗೆ ಎಕ್ಸಾಸ್ಟ್ ಅಂತರ 0.13, ಹೊಸ ಭಾಗಗಳು ಹೊಂದಿಕೊಳ್ಳುವಾಗ ಅಷ್ಟು ಸಹಜ. 3,000 ಕಿಲೋಮೀಟರಿಗೂ 0.13. ವಾಲ್ವ್ 7.2 ಮಿ.ಮೀ. ಇಳಿಯುತ್ತಿದೆ. ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ಪಿಸ್ಟನ್ ಕಡೆಯಿಂದ ಒಂದು ಮಂದ ಸದ್ದು ಈಗ ಕೇಳುತ್ತದೆ, ಮುಂಚೆ ಟಿಕ್ ಟಿಕ್ ಅದನ್ನು ಮುಚ್ಚಿಹಾಕಿತ್ತು. ಬಿಸಿಯಾದ ಕೂಡಲೇ ಹೋಗುತ್ತದೆ. ಬೋರ್ ಇನ್ನೂ ಮಿತಿಯೊಳಗಿದೆ, ಆಯಿಲ್ ಉರಿಯುತ್ತಿಲ್ಲ, ಹೊಗೆ ಇಲ್ಲ. ಅದನ್ನು ಹಾಗೆಯೇ ಬಿಟ್ಟಿದ್ದೇನೆ. ಎರಡು ಆಯಿಲ್ ಬದಲಾವಣೆಯ ನಡುವೆ ಮಟ್ಟ ಕಣ್ಣಿಗೆ ಕಾಣುವಷ್ಟು ಇಳಿಯಲು ಶುರುವಾದರೆ ಆಗ ಬೋರ್ ಗೇಜ್ ಮತ್ತೆ ಹೊರಗೆ ತೆಗೆಯೋಣ ಎಂದು ಅವರಿಗೆ ಹೇಳಿದ್ದೇನೆ.